ಹಳೆಯ ಪ್ರಿಂಟರ್, ಮನೆಯ ವೈಫೈ: ಕರೆಂಟ್ ಹೋಗಿ ಬಂದ ಮೇಲೂ ನಡೆಯುವ ಏರ್ಪಾಡು ಯಾವುದು?

ಹಾಸನ, ಚಿಕ್ಕಮಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಎಚ್‌ಪಿ ಲೇಸರ್‌ಜೆಟ್ 1020 ಅಥವಾ ಕ್ಯಾನನ್ ಎಲ್‌ಬಿಪಿ 2900 ಇನ್ನೂ ಗಟ್ಟಿಮುಟ್ಟಾಗಿ ಕೂತಿದೆ. ಮೇಜಿನ ಕಂಪ್ಯೂಟರ್ ಇದ್ದ ಕಾಲದಲ್ಲಿ ಕೊಂಡದ್ದು. ಕಂಪ್ಯೂಟರ್ ಅಟ್ಟ ಸೇರಿತು. ಈಗ ದೊಡ್ಡವರ ಕೈಯಲ್ಲಿ ಮೊಬೈಲ್, ಮಕ್ಕಳ ಬಳಿ ಒಂದು ಲ್ಯಾಪ್‌ಟಾಪ್. ಪಹಣಿ, ಹಾಲ್ ಟಿಕೆಟ್, ಕಾಫಿ ಮಾರಿದ ಬಿಲ್ಲು ಎಲ್ಲವೂ ಮೊಬೈಲಿಗೆ ಬಂದು ಬೀಳುತ್ತವೆ, ಅಲ್ಲಿಂದ ಕಾಗದಕ್ಕೆ ಇಳಿಯುವುದೇ ಕಷ್ಟ. ಹಾಗಾಗಿ ಕೇಳುವವರ ಪ್ರಶ್ನೆ ಒಂದೇ: ಇದಕ್ಕೆ ಹೇಗಾದರೂ ವೈಫೈ ಕೊಡಿಸಬಹುದೇ, ಅಥವಾ ತೂಕಕ್ಕೆ ಹಾಕಿ ಹೊಸದನ್ನು ತರುವುದೇ?

ಕೊಡಿಸಬಹುದು. ಯಂತ್ರ ಚೆನ್ನಾಗಿದ್ದರೆ ಕೊಡಿಸಲೇಬೇಕು ಎನ್ನುವವನು ನಾನು. 1020ಕ್ಕೆ ಹಾಕುವ 12ಎ ಕಾರ್ಟ್ರಿಜ್ ಸುಮಾರು 2000 ಪುಟ ಬರುತ್ತದೆ. ಅದನ್ನು ಕೆಲವು ನೂರು ರೂಪಾಯಿಗೆ ರೀಫಿಲ್ ಮಾಡಿಕೊಡುವವರು ಎರಡೂ ಊರುಗಳಲ್ಲಿ ಇದ್ದಾರೆ. ಈ ದರಕ್ಕೆ ಅಚ್ಚಾಗುವ ಯಂತ್ರವನ್ನು ಬಿಸಾಡಿ, ಚಿಪ್ ಇರುವ ಕಾರ್ಟ್ರಿಜ್‌ನ ಹೊಸ ಯಂತ್ರ ಕೊಂಡವರು ಮೊದಲ ಟೋನರ್ ಮುಗಿದ ದಿನ ಹಳೆಯದನ್ನು ನೆನೆಸಿಕೊಳ್ಳುತ್ತಾರೆ.

ವೈಫೈ ಕೊಡಿಸುವ ದಾರಿಗಳು ಆರೇಳು ಇವೆ. ಯೂಟ್ಯೂಬ್‌ನಲ್ಲಿ ಎಲ್ಲವೂ ಹತ್ತು ನಿಮಿಷದ ಕೆಲಸದಂತೆ ಕಾಣುತ್ತವೆ. ಒಂದು ಎಚ್ಚರಿಕೆ: ಗೂಗಲ್ ಕ್ಲೌಡ್ ಪ್ರಿಂಟ್ ಬಳಸಿ ಎಂದು ಹೇಳುವ ವಿಡಿಯೋ ಸಿಕ್ಕರೆ ಅಲ್ಲಿಗೇ ನಿಲ್ಲಿಸಿ. ಆ ಸೇವೆ 2020ರ ಡಿಸೆಂಬರ್ 31ಕ್ಕೆ ಮುಚ್ಚಿತು.

ಯಾವುದನ್ನು ನೋಡಿ ಆರಿಸಬೇಕು

ಬೆಲೆಗಿಂತ ಮೊದಲು ನಾನು ಕೇಳುವ ಪ್ರಶ್ನೆ: ಕರೆಂಟ್ ಹೋಗಿ ಬಂದ ಮೇಲೆ ಇದು ತಾನಾಗಿಯೇ ಎದ್ದು ಕೂರುತ್ತದೆಯೇ? ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೂತು ಬರೆದ ಸಲಹೆಗಳಲ್ಲಿ ಈ ಪ್ರಶ್ನೆಯೇ ಇರುವುದಿಲ್ಲ. ಜೂನ್ ತಿಂಗಳಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ತಂತಿಯ ಮೇಲೆ ಒಂದು ಸಿಲ್ವರ್ ಮರ ಬಿದ್ದರೆ ಸಂಜೆಯವರೆಗೆ ಕತ್ತಲೆ. ಬಂದ ಮೇಲೂ ನಾಲ್ಕು ಸಲ ಹೋಗಿ ಬರುತ್ತದೆ. ಪ್ರತಿ ಸಲವೂ ಯಾರಾದರೂ ಹೋಗಿ ಗುಂಡಿ ಒತ್ತಬೇಕು, ಲಾಗಿನ್ ಆಗಬೇಕು, ಕೇಬಲ್ ಕಿತ್ತು ಹಾಕಬೇಕು ಎಂದಾದರೆ ಆ ಏರ್ಪಾಡು ಒಂದು ಮಳೆಗಾಲವೂ ಬಾಳುವುದಿಲ್ಲ. ಮಗ ಬೆಂಗಳೂರಿನಿಂದ ಹಬ್ಬಕ್ಕೆ ಬಂದಾಗ ಸರಿಮಾಡಿಕೊಟ್ಟು ಹೋದದ್ದು, ಅವನು ಬಸ್ಸು ಹತ್ತಿದ ವಾರಕ್ಕೆ ನಿಂತುಹೋಗುತ್ತದೆ.

ಎರಡನೆಯದು, ಪ್ರಿಂಟ್ ಕೊಡುವವರು ಯಾರು. ಒಂದೇ ವಿಂಡೋಸ್ ಲ್ಯಾಪ್‌ಟಾಪ್‌ನಿಂದ ಸಾಕೇ, ಅಥವಾ ಮನೆಯ ನಾಲ್ವರ ಮೊಬೈಲಿನಿಂದಲೂ ಆಗಬೇಕೇ? ಅಗ್ಗದ ದಾರಿಗಳಲ್ಲಿ ಅರ್ಧಕ್ಕರ್ಧ ಮೊಬೈಲಿಗೆ ಉಪಯೋಗವಿಲ್ಲ.

ಮೂರನೆಯದನ್ನು ಅಂಗಡಿಯವರೂ ಮರೆಯುತ್ತಾರೆ. ನಿಮ್ಮ ಪ್ರಿಂಟರ್‌ಗೆ ಸ್ವಂತ ಬುದ್ಧಿ ಇದೆಯೇ? ಕಡಿಮೆ ಬೆಲೆಯ ಹಳೆಯ ಲೇಸರ್‌ಗಳಲ್ಲಿ ಪುಟವನ್ನು ಚುಕ್ಕಿಗಳಾಗಿ ಬಿಡಿಸುವ ಕೆಲಸ ಕಂಪ್ಯೂಟರಿನದು, ಪ್ರಿಂಟರ್ ಹೇಳಿದಂತೆ ಉದುರಿಸುತ್ತದೆ ಅಷ್ಟೇ. ಎಚ್‌ಪಿಯ 1018, 1020, ಪಿ1007, ಪಿ1008 ಇನ್ನೂ ಒಂದು ಹೆಜ್ಜೆ ಮುಂದೆ: ಅವುಗಳ ಫರ್ಮ್‌ವೇರ್ (ಯಂತ್ರವನ್ನು ನಡೆಸುವ ಒಳ ತಂತ್ರಾಂಶ) ಕೂಡ ಯಂತ್ರದೊಳಗೆ ಉಳಿಯುವುದಿಲ್ಲ. ಸ್ವಿಚ್ ಹಾಕಿದಾಗಲೆಲ್ಲ ಕಂಪ್ಯೂಟರಿನ ಡ್ರೈವರ್, ಅಂದರೆ ಪ್ರಿಂಟರ್ ಜೊತೆ ಮಾತಾಡುವ ತಂತ್ರಾಂಶ, ಅದನ್ನು ಹೊಸದಾಗಿ ಕಳಿಸಬೇಕು. ಕ್ಯಾನನ್ 2900ದ್ದು ಬೇರೆ ತಕರಾರು. ಅದು ಕ್ಯಾಪ್ಟ್ ಎಂಬ ತನ್ನದೇ ಭಾಷೆಯಲ್ಲಿ ಕಂಪ್ಯೂಟರಿನೊಂದಿಗೆ ಎರಡೂ ಕಡೆಯಿಂದ ಮಾತಾಡುತ್ತಿರಬೇಕು. ಒಂದೇ ಕಡೆಗೆ ಸುರಿದರೆ ಕೇಳುವುದಿಲ್ಲ. ಈ ಎರಡು ಸ್ವಭಾವಗಳನ್ನು ನೆನಪಿಟ್ಟುಕೊಳ್ಳಿ, ಮುಂದಿನ ನಿರ್ಧಾರವೆಲ್ಲ ಇವುಗಳ ಮೇಲೇ ನಿಂತಿದೆ.

ಕೊನೆಗೆ ಗೋಡೆ. ಹಳೆಯ ತೊಟ್ಟಿ ಮನೆಯ ಮಣ್ಣಿನ ಗೋಡೆ ಮೊಳದಷ್ಟು ದಪ್ಪ. 5 ಗಿಗಾಹರ್ಟ್ಸ್ ವೈಫೈ ಅಂಥ ಎರಡು ಗೋಡೆ ದಾಟುವಷ್ಟರಲ್ಲಿ ಬಸವಳಿಯುತ್ತದೆ, 2.4 ಸ್ವಲ್ಪ ದೂರ ಹೋಗುತ್ತದೆ. ಯುಎಸ್‌ಬಿ ಕೇಬಲನ್ನು 5 ಮೀಟರಿಗಿಂತ ಉದ್ದ ಎಳೆಯುವಂತಿಲ್ಲ, ಲ್ಯಾನ್ ಕೇಬಲ್ (ರೂಟರ್‌ಗೆ ಜೋಡಿಸುವ ನೆಟ್‌ವರ್ಕ್ ತಂತಿ) 100 ಮೀಟರ್‌ವರೆಗೆ ನಡೆಯುತ್ತದೆ. ತೋಟದ ಮನೆಯಲ್ಲಿ ಕಚೇರಿ ಕೋಣೆ ಹೊರಗಿದ್ದರೆ ಈ ಅಳತೆಗಳೇ ಅರ್ಧ ಉತ್ತರ.

ಏನೂ ಕೊಳ್ಳುವ ಮುನ್ನ ಹಿಂಬದಿ ನೋಡಿ

ಪ್ರಿಂಟರನ್ನು ಗೋಡೆಯಿಂದ ತಿರುಗಿಸಿ, ಟಾರ್ಚ್ ಬೆಳಕು ಬಿಟ್ಟು ನೋಡಿ. ಚೌಕಾಕಾರದ ಯುಎಸ್‌ಬಿ ಕಿಂಡಿ ಎಲ್ಲದಕ್ಕೂ ಇರುತ್ತದೆ. ಅದರ ಪಕ್ಕದಲ್ಲಿ ಲ್ಯಾನ್ ಕಿಂಡಿ ಕಂಡರೆ ನೀವು ಅದೃಷ್ಟವಂತರು. ಎಚ್‌ಪಿ ಮಾದರಿಯ ಹೆಸರಿನ ಕೊನೆಯಲ್ಲಿ ‘ಎನ್’ ಇದ್ದರೆ ನೆಟ್‌ವರ್ಕ್ ಇದೆ ಎಂದು, ‘ಡಿ’ ಇದ್ದರೆ ಎರಡು ಬದಿ ಮುದ್ರಣ, ‘ಡಬ್ಲ್ಯು’ ಇದ್ದರೆ ವೈಫೈ. ಪಿ1606ಡಿಎನ್ ಮನೆಯಲ್ಲಿಟ್ಟುಕೊಂಡು ಹತ್ತು ವರ್ಷ ಬರೀ ಯುಎಸ್‌ಬಿಯಲ್ಲಿ ನಡೆಸಿದವರು ಇದ್ದಾರೆ.

ಲ್ಯಾನ್ ಕಿಂಡಿ ಇದ್ದರೆ ರೂಟರ್‌ನಿಂದ ಒಂದು ತಂತಿ ಎಳೆಯಿರಿ, ಮುಗಿಯಿತು. ಪ್ರಿಂಟರ್‌ಗೆ ವೈಫೈ ಬೇಕಾಗಿಲ್ಲ. ರೂಟರ್‌ಗೆ ಸೇರಿಕೊಂಡರೆ ವೈಫೈನಲ್ಲಿರುವ ಎಲ್ಲರಿಗೂ ಅದು ಸಿಗುತ್ತದೆ. ತಂತಿ ಎಳೆಯಲಾಗದಷ್ಟು ದೂರವಿದ್ದರೆ ಲ್ಯಾನ್ ಕಿಂಡಿಯಿರುವ ವೈಫೈ ರಿಪೀಟರ್ ಒಂದನ್ನು ಪ್ರಿಂಟರ್ ಪಕ್ಕ ಹಾಕಿ ಅದಕ್ಕೆ ಗಿಡ್ಡ ತಂತಿ ಕೊಡಿ. ಎರಡು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ, ಕರೆಂಟ್ ಬಂದರೆ ತಾನೇ ಎದ್ದು ಕೂರುತ್ತದೆ. ಈ ಗುಂಪಿನವರು ಮುಂದೆ ಓದಬೇಕಾಗಿಲ್ಲ, ಕೊನೆಯ ಭಾಗ ಒಂದನ್ನು ಬಿಟ್ಟು.

ಇನ್ನೊಂದು ಗುಂಪು ವೈಫೈ ಇದ್ದೂ ಹೊಸ ರೂಟರ್‌ಗೆ ಕೂಡದ ಪ್ರಿಂಟರ್‌ನವರದು. ಫೈಬರ್ ಸಂಪರ್ಕ ಬದಲಾಯಿಸಿದ ದಿನದಿಂದ ಕೆಟ್ಟಿತು ಎನ್ನುತ್ತಾರೆ. ಪ್ರಿಂಟರ್ ಕೆಟ್ಟಿರುವುದಿಲ್ಲ. ಹಳೆಯವಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, ಹೊಸ ರೂಟರ್ ಎರಡೂ ಬ್ಯಾಂಡಿಗೆ ಒಂದೇ ಹೆಸರು ಕೊಟ್ಟು ಕೂತಿರುತ್ತದೆ. ರೂಟರ್ ಸೆಟ್ಟಿಂಗ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿಡಿ, ಭದ್ರತೆಯನ್ನು ಡಬ್ಲ್ಯುಪಿಎ3ರಿಂದ ಡಬ್ಲ್ಯುಪಿಎ2ಕ್ಕೆ ಇಳಿಸಿ, ಚಾನೆಲ್ 1ರಿಂದ 11ರೊಳಗೆ ಇರಲಿ, ವೈಫೈ ಹೆಸರಿನಲ್ಲಿ ಚಿಹ್ನೆಗಳು ಬೇಡ. ಹೆಚ್ಚಿನವು ಇಷ್ಟಕ್ಕೇ ಸರಿಹೋಗುತ್ತವೆ, ಖರ್ಚು ಸೊನ್ನೆ.

ಇನ್ನು ಯುಎಸ್‌ಬಿ ಬಿಟ್ಟರೆ ಬೇರೇನೂ ಇಲ್ಲದವರ ಪಾಡು.

ಕಂಪ್ಯೂಟರ್ ಮೂಲಕ ಹಂಚುವುದು

ಮನೆಯಲ್ಲಿ ವಿಂಡೋಸ್ ಕಂಪ್ಯೂಟರ್ ಇದ್ದರೆ ಪ್ರಿಂಟರನ್ನು ಅದಕ್ಕೇ ಜೋಡಿಸಿ, ಶೇರ್ ಮಾಡಿ, ಉಳಿದ ಲ್ಯಾಪ್‌ಟಾಪ್‌ಗಳಿಂದ ಬಳಸಬಹುದು. ದುಡ್ಡು ಬೇಕಾಗಿಲ್ಲ. 1020 ಆಗಲಿ 2900 ಆಗಲಿ ತಕರಾರಿಲ್ಲದೆ ನಡೆಯುತ್ತವೆ, ಏಕೆಂದರೆ ಅವು ಬಯಸುವ ಡ್ರೈವರ್ ಅಲ್ಲೇ ಇದೆ. ಬೆಲೆ ಕೊಡಬೇಕಾದದ್ದು ಬೇರೆ ರೂಪದಲ್ಲಿ: ಯಾರಿಗೆ ಪ್ರಿಂಟ್ ಬೇಕಾದರೂ ಆ ಕಂಪ್ಯೂಟರ್ ಚಾಲೂ ಇರಬೇಕು. ನಿದ್ದೆಗೆ ಜಾರಿದ್ದರೂ ಪ್ರಿಂಟ್ ಹೋಗುವುದಿಲ್ಲ. ಮೊಬೈಲಿನಿಂದ ನೇರವಾಗಿ ಆಗುವುದೂ ಇಲ್ಲ.

ಹೊಸ ವಿಂಡೋಸ್‌ನಲ್ಲಿ ಶೇರಿಂಗ್ ಮೊದಲಿನಷ್ಟು ಸಲೀಸಾಗಿಯೂ ಉಳಿದಿಲ್ಲ. 2021ರಲ್ಲಿ ಮುದ್ರಣ ವ್ಯವಸ್ಥೆಯಲ್ಲಿ ಒಂದು ದೊಡ್ಡ ಭದ್ರತಾ ಲೋಪ ಬಯಲಾಯಿತು. ಅದನ್ನು ಮುಚ್ಚಲು ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ ಅಪ್‌ಡೇಟ್ ಆದ ಮೇಲೆ ‘11ಬಿ’ ಎಂದು ಕೊನೆಯಾಗುವ ದೋಷಸಂಖ್ಯೆ ಬಹಳ ಮನೆಗಳಲ್ಲಿ ಕಾಣಿಸಿಕೊಂಡಿತು. ಎರಡೂ ಯಂತ್ರಗಳಿಗೆ ಎಲ್ಲ ಅಪ್‌ಡೇಟ್ ಹಾಕಿ, ನೆಟ್‌ವರ್ಕನ್ನು ‘ಪ್ರೈವೇಟ್’ ಎಂದು ಗುರುತಿಸಿ, ಡ್ರೈವರನ್ನು ಎರಡೂ ಕಡೆ ಮೊದಲೇ ಇನ್‌ಸ್ಟಾಲ್ ಮಾಡಿಕೊಂಡರೆ ಸಾಮಾನ್ಯವಾಗಿ ದಾರಿಗೆ ಬರುತ್ತದೆ. ರಿಜಿಸ್ಟ್ರಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಪಟ್ಟಿ) ತಿದ್ದಿ ಆ ರಕ್ಷಣೆಯನ್ನೇ ಕಳಚುವ ಉಪಾಯವನ್ನು ಅಂಗಡಿಯವರು ಹೇಳಿದರೆ ಒಪ್ಪಬೇಡಿ.

ಮೇಜಿನ ಕಂಪ್ಯೂಟರನ್ನು ದಿನವಿಡೀ ಹಾಕಿಡುವ ತೋಟದ ಕಚೇರಿಗೆ, ಲೆಕ್ಕ ಬರೆಯುವ ಅಂಗಡಿಗೆ ಇದೇ ಸಾಕು. ಬಯಾಸ್‌ನಲ್ಲಿ (ವಿಂಡೋಸ್ ಏಳುವ ಮೊದಲೇ ತೆರೆಯುವ ಕಂಪ್ಯೂಟರಿನ ಮೂಲ ಸೆಟ್ಟಿಂಗ್) ‘ಕರೆಂಟ್ ಬಂದ ಕೂಡಲೇ ಚಾಲೂ ಆಗು’ ಎಂಬ ಅರ್ಥದ ಆಯ್ಕೆ ಇರುತ್ತದೆ, ಅದನ್ನು ಹಾಕಿಟ್ಟರೆ ಮೊದಲ ಪ್ರಶ್ನೆಗೂ ಉತ್ತರ ಸಿಕ್ಕಂತೆ. ಇದಕ್ಕೆಂದೇ ಅಟ್ಟದ ಕಂಪ್ಯೂಟರನ್ನು ಇಳಿಸಿ ಹಗಲೂ ರಾತ್ರಿ ಓಡಿಸಬೇಕೆಂದಿದ್ದರೆ ಮಾತ್ರ ಕರೆಂಟ್ ಬಿಲ್ ನೆನೆದು ಸುಮ್ಮನಿರಿ.

ರೂಟರ್‌ನ ಯುಎಸ್‌ಬಿ ಕಿಂಡಿ

ರೂಟರ್ ಹಿಂದೆ ಯುಎಸ್‌ಬಿ ಕಿಂಡಿ ಕಂಡ ಕೂಡಲೇ ಪ್ರಿಂಟರ್ ಚುಚ್ಚಿ ನೋಡುವವರು ಬಹಳ. ಫೈಬರ್ ಸಂಪರ್ಕದ ಜೊತೆ ಉಚಿತವಾಗಿ ಬರುವ ಪೆಟ್ಟಿಗೆಗಳಲ್ಲಿ ಆ ಕಿಂಡಿ ಸಾಮಾನ್ಯವಾಗಿ ಪೆನ್‌ಡ್ರೈವ್‌ಗೆ ಮಾತ್ರ. ಪ್ರಿಂಟರ್‌ಗೂ ಆಗುತ್ತದೆಯೇ ಎಂದು ತಿಳಿಯಲು ರೂಟರ್‌ನ ಸೆಟ್ಟಿಂಗ್ ಪುಟದಲ್ಲಿ ‘ಪ್ರಿಂಟ್ ಸರ್ವರ್’ ಎಂಬ ಸಾಲು ಹುಡುಕಿ. ಇಲ್ಲದಿದ್ದರೆ ಇಲ್ಲ.

ನಾವೇ ಕೊಂಡುಕೊಳ್ಳುವ ಟಿಪಿ-ಲಿಂಕ್, ಏಸಸ್‌ನ ಕೆಲವು ಮಾದರಿಗಳಲ್ಲಿ ಈ ಸೌಲಭ್ಯ ಇದೆ. ಟಿಪಿ-ಲಿಂಕ್‌ನ ಕ್ರಮದಲ್ಲಿ ಕಂಪ್ಯೂಟರಿಗೆ ಒಂದು ಪುಟ್ಟ ತಂತ್ರಾಂಶ ಹಾಕಬೇಕು. ಅದು ಯುಎಸ್‌ಬಿ ತಂತಿಯನ್ನೇ ವೈಫೈ ಮೇಲೆ ಉದ್ದ ಮಾಡಿದಂತೆ ವಿಂಡೋಸ್‌ಗೆ ನಂಬಿಸುತ್ತದೆ. ಲಾಭ ಏನೆಂದರೆ ಫರ್ಮ್‌ವೇರ್ ಕಳಿಸುವ, ಎರಡೂ ಕಡೆ ಮಾತಾಡುವ ಕೆಲಸ ಮಾಮೂಲಿನಂತೆ ನಡೆಯುತ್ತದೆ, ಹಾಗಾಗಿ ಹಟಮಾರಿ ಪ್ರಿಂಟರ್‌ಗಳೂ ಒಪ್ಪುವ ಸಾಧ್ಯತೆ ಹೆಚ್ಚು. ನಷ್ಟವೆಂದರೆ ಒಮ್ಮೆಗೆ ಒಂದೇ ಕಂಪ್ಯೂಟರ್ ಹಿಡಿದುಕೊಳ್ಳಬಹುದು, ಮೊಬೈಲಿಗೆ ಸಿಗುವುದಿಲ್ಲ. ಗಂಡ ಹೆಂಡತಿ ಇಬ್ಬರೇ ಇರುವ, ಎರಡು ಲ್ಯಾಪ್‌ಟಾಪ್ ಬಳಸುವ ಮನೆಗೆ ಇದು ಒಪ್ಪುತ್ತದೆ. ಇದಕ್ಕಾಗಿ ಹೊಸ ರೂಟರ್ ಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಹೇಗೂ ರೂಟರ್ ಬದಲಿಸುವುದಿದ್ದರೆ ಸರಿ.

ಪ್ರಿಂಟ್ ಸರ್ವರ್ ಪೆಟ್ಟಿಗೆ

ಆನ್‌ಲೈನಿನಲ್ಲಿ ‘ವೈಫೈ ಪ್ರಿಂಟ್ ಸರ್ವರ್’ ಎಂದು ಅಂಗೈಯಗಲದ ಪೆಟ್ಟಿಗೆಗಳು ಸಿಗುತ್ತವೆ. ಒಂದು ಬದಿ ಪ್ರಿಂಟರ್‌ನ ಯುಎಸ್‌ಬಿ, ಇನ್ನೊಂದು ಬದಿ ವೈಫೈ. ಬೆಲೆ ಎರಡೂವರೆ ಸಾವಿರದಿಂದ ಐದಾರು ಸಾವಿರ. ಹಣ ಅತಿ ಹೆಚ್ಚು ವ್ಯರ್ಥವಾಗುವುದು ಇಲ್ಲೇ ಎಂದು ನನ್ನ ಅನಿಸಿಕೆ.

ಸರಳ ಪೆಟ್ಟಿಗೆ ಮಾಡುವ ಕೆಲಸ ಇಷ್ಟು: ನೆಟ್‌ವರ್ಕ್ ಮೂಲಕ ಮುದ್ರಣಕ್ಕೆಂದು (9100ನೇ ಪೋರ್ಟಿಗೆ) ಬಂದ ಮಾಹಿತಿಯನ್ನು ಹಾಗೆಯೇ ಪ್ರಿಂಟರ್‌ಗೆ ಸುರಿಯುವುದು. ಪಿಸಿಎಲ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣ ಭಾಷೆ ತಿಳಿದ ಕಚೇರಿ ದರ್ಜೆಯ ಪ್ರಿಂಟರ್‌ಗಾಗಲಿ, ಅಡಿಕೆ ಮಂಡಿಯಲ್ಲಿ ಬಿಲ್ಲು ಹೊಡೆಯುವ ಎಪ್ಸನ್ ಎಲ್‌ಎಕ್ಸ್-310ರಂಥ ಡಾಟ್ ಮ್ಯಾಟ್ರಿಕ್ಸ್‌ಗಾಗಲಿ ಅಷ್ಟು ಸಾಕು, ವರ್ಷಗಟ್ಟಲೆ ಮುಟ್ಟದೆ ನಡೆಯುತ್ತದೆ. 1020ಕ್ಕೆ ಅದೇ ಪೆಟ್ಟಿಗೆ ಹಾಕಿದರೆ ಮೊದಲ ದಿನ ಪ್ರಿಂಟ್ ಬರಬಹುದು, ಏಕೆಂದರೆ ಸ್ವಲ್ಪ ಮೊದಲು ಕಂಪ್ಯೂಟರ್‌ಗೆ ಜೋಡಿಸಿದ್ದಾಗ ಫರ್ಮ್‌ವೇರ್ ಒಳಹೋಗಿರುತ್ತದೆ. ಅಂಗಡಿಯವರು ತೋರಿಸಿ ದುಡ್ಡು ಎಣಿಸಿಕೊಂಡು ಹೋಗುತ್ತಾರೆ. ರಾತ್ರಿ ಕರೆಂಟ್ ಹೋಗಿ ಬಂತು ಎಂದರೆ ಬೆಳಗ್ಗೆ ಪ್ರಿಂಟರ್ ದೀಪ ಉರಿಯುತ್ತಿದೆ, ಕಾಗದ ಮಾತ್ರ ಅಲ್ಲಾಡುವುದಿಲ್ಲ. ಅದಕ್ಕೇ ಈ ಪೆಟ್ಟಿಗೆ ಕೊಳ್ಳುವಾಗ ನಿಮ್ಮ ಮಾದರಿಯ ಸಂಖ್ಯೆ ಅವರ ಪಟ್ಟಿಯಲ್ಲಿ ಇದೆಯೇ ನೋಡಿ. ‘ಎಚ್‌ಪಿ, ಕ್ಯಾನನ್ ಎಲ್ಲಕ್ಕೂ ಆಗುತ್ತದೆ’ ಎಂಬ ಮಾತಿಗೆ ಬೆಲೆ ಕೊಡಬೇಡಿ. ಪರೀಕ್ಷೆ ಮಾಡುವಾಗ ಪ್ರಿಂಟರ್, ಪೆಟ್ಟಿಗೆ, ರೂಟರ್ ಮೂರನ್ನೂ ಆರಿಸಿ, ಒಟ್ಟಿಗೆ ಸ್ವಿಚ್ ಹಾಕಿ, ಆಮೇಲೆ ಪ್ರಿಂಟ್ ಕೊಟ್ಟು ನೋಡಿ. ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಇದನ್ನು ಮಾಡಬೇಕು.

ಸ್ಕ್ಯಾನರ್ ಸೇರಿದ ಯಂತ್ರವಾದರೆ ಇನ್ನೊಂದು ಮಾತು: ಇಂಥ ಸರಳ ಪೆಟ್ಟಿಗೆಯಲ್ಲಿ ಪ್ರಿಂಟ್ ಮಾತ್ರ ಹೋಗುತ್ತದೆ, ಸ್ಕ್ಯಾನ್ ಬರುವುದಿಲ್ಲ.

ರಾಸ್ಪ್‌ಬೆರಿ ಪೈ

ಇಸ್ಪೀಟು ಕಟ್ಟಿನಷ್ಟು ಅಥವಾ ಅದಕ್ಕಿಂತ ಚಿಕ್ಕದಾದ ಪೂರ್ಣ ಕಂಪ್ಯೂಟರ್ ಇದು. ಮೇಲೆ ಹೇಳಿದ ‘ಸದಾ ಚಾಲೂ ಇರುವ ಕಂಪ್ಯೂಟರ್’ ಎಂಬ ಕೆಲಸವನ್ನು ಮೊಬೈಲ್ ಚಾರ್ಜರ್‌ನಷ್ಟು ಕರೆಂಟಿನಲ್ಲಿ ಮಾಡುತ್ತದೆ. 2021ರಲ್ಲಿ ಬಂದ ಝೀರೋ 2 ಡಬ್ಲ್ಯು ಮಾದರಿಯಲ್ಲಿ ವೈಫೈ ಒಳಗೇ ಇದೆ, ಪ್ರಿಂಟರ್ ಹಂಚಲು ಅಷ್ಟು ಶಕ್ತಿ ಸಾಕು. ಬೋರ್ಡು, ಮೆಮೊರಿ ಕಾರ್ಡು, ಅಡಾಪ್ಟರ್, ಯುಎಸ್‌ಬಿ ಜೋಡಿಸುವ ಓಟಿಜಿ ತುಂಡು ಎಲ್ಲ ಸೇರಿ ಮೂರರಿಂದ ನಾಲ್ಕು ಸಾವಿರ ಎಂದಿಟ್ಟುಕೊಳ್ಳಿ. ಹಾಸನದ ಅಂಗಡಿಗಳಲ್ಲಿ ಸಿಗುವ ಭರವಸೆ ಇಲ್ಲ, ಆನ್‌ಲೈನಿನಲ್ಲೇ ತರಿಸಬೇಕು.

ಅದರಲ್ಲಿ ಲಿನಕ್ಸ್ (ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ) ಹಾಕಿ, ಕಪ್ಸ್ ಎಂಬ ಮುದ್ರಣ ತಂತ್ರಾಂಶ ಸೇರಿಸಿ, ಪ್ರಿಂಟರನ್ನು ಹಂಚಿದರೆ ಆಯಿತು. ಅವಾಹಿ ಎಂಬ ಇನ್ನೊಂದು ತುಣುಕು ಮನೆಯ ವೈಫೈನಲ್ಲಿ ‘ಇಲ್ಲೊಂದು ಪ್ರಿಂಟರ್ ಇದೆ’ ಎಂದು ಸಾರುತ್ತದೆ. ಆಮೇಲೆ ಐಫೋನ್‌ನಲ್ಲಿ ಅದು ಏರ್‌ಪ್ರಿಂಟ್ ಪ್ರಿಂಟರ್ ಆಗಿಯೇ ಕಾಣುತ್ತದೆ, ಆಂಡ್ರಾಯ್ಡ್‌ನಲ್ಲಿ ಫೋನಿನೊಳಗಿನ ಮುದ್ರಣ ಸೇವೆಗೇ ಸಿಗುತ್ತದೆ, ವಿಂಡೋಸ್ ಕೂಡ ಕಂಡುಕೊಳ್ಳುತ್ತದೆ. ಅಜ್ಜಿ ತನ್ನ ಮೊಬೈಲಿನಿಂದ ಪ್ರಿಂಟ್ ಕೊಡಬಹುದು ಎಂಬ ಮಟ್ಟಕ್ಕೆ ಹಳೆಯ 1020 ಬರುವುದು ಈ ದಾರಿಯಲ್ಲೇ.

1020 ಕುಟುಂಬದವರಿಗೆ ಇದು ಹೇಳಿಮಾಡಿಸಿದಂತಿದೆ. ಎಚ್‌ಪಿಯದೇ ಲಿನಕ್ಸ್ ತಂತ್ರಾಂಶಕ್ಕೆ ಅದರ ಪ್ಲಗಿನ್ ಸೇರಿಸಿದರೆ, ಪ್ರಿಂಟರ್‌ಗೆ ಕರೆಂಟ್ ಬಂದಾಗಲೆಲ್ಲ ಫರ್ಮ್‌ವೇರ್ ಕಳಿಸುವ ಕೆಲಸವನ್ನು ಪೈ ತಾನೇ ಮಾಡುತ್ತದೆ. ಕ್ಯಾನನ್ 2900ದವರು ನಿಧಾನಿಸಿ: ಕ್ಯಾನನ್ ಕೊಟ್ಟಿರುವ ಲಿನಕ್ಸ್ ಡ್ರೈವರ್ ಇಂಟೆಲ್ ಮಾದರಿಯ ಪ್ರೊಸೆಸರ್‌ಗೆ ಮಾತ್ರ, ಪೈನದು ಆರ್ಮ್ ಎಂಬ ಬೇರೆ ಬಗೆಯದು. ಹವ್ಯಾಸಿಗಳು ಬರೆದ ಮುಕ್ತ ಡ್ರೈವರ್ ಒಂದಿದೆ. ಅದನ್ನು ಹೊಂದಿಸಿ ಕೂರುವ ತಾಳ್ಮೆ ಮನೆಯಲ್ಲಿ ಯಾರಿಗಾದರೂ ಇದ್ದರೆ ಸರಿ, ಇಲ್ಲದಿದ್ದರೆ ಪ್ರಿಂಟರನ್ನು ಹಳೆಯ ಲ್ಯಾಪ್‌ಟಾಪ್‌ಗೇ ಜೋಡಿಸಿ ಹಂಚುವುದು ಮೇಲು. ಲ್ಯಾಪ್‌ಟಾಪ್ ಕರೆಂಟೂ ಕಡಿಮೆ ತಿನ್ನುತ್ತದೆ, ಬ್ಯಾಟರಿಗೆ ಇನ್ನೂ ಜೀವವಿದ್ದರೆ ಸಣ್ಣಪುಟ್ಟ ಕಡಿತ ಅದರ ಗಮನಕ್ಕೇ ಬರುವುದಿಲ್ಲ.

ಪೈನ ನಿಜವಾದ ಬೆಲೆ ರೂಪಾಯಿಯಲ್ಲಿ ಇಲ್ಲ. ಮೊದಲ ಸಲ ಹೊಂದಿಸಲು ಒಂದು ಭಾನುವಾರ ಹೋಗುತ್ತದೆ, ಕಪ್ಪು ಪರದೆಯಲ್ಲಿ ಆಜ್ಞೆ ಬರೆಯಲು ಹೆದರಬಾರದು. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಮೆಮೊರಿ ಕಾರ್ಡು ಕೆಡುವುದುಂಟು. ಎಲ್ಲ ಸರಿಯಾದ ದಿನವೇ ಕಾರ್ಡಿನ ಪೂರ್ತಿ ನಕಲನ್ನು ಇನ್ನೊಂದು ಕಾರ್ಡಿಗೆ ತೆಗೆದು ಪ್ರಿಂಟರ್ ಕೆಳಗೆ ಅಂಟಿಸಿಡಿ. ಕೆಟ್ಟ ದಿನ ಮನೆಯಲ್ಲಿದ್ದವರು ಫೋನಿನಲ್ಲಿ ಕೇಳಿಕೊಂಡು ಕಾರ್ಡು ಬದಲಿಸಿದರೆ ಸಾಕು. ಎಂಜಿನಿಯರಿಂಗ್ ಓದುವ ಮಗನೋ ಮಗಳೋ ಇರುವ ಮನೆಗೆ ನಾನು ಹೇಳುವುದು ಇದನ್ನೇ. ಯಾರೂ ಇಲ್ಲದ ಮನೆಗೆ ಹೇಳುವುದಿಲ್ಲ.

ವೈಫೈ ಬಿಟ್ಟು, ಒಂದು ತುಂಡು ತಂತಿ

ತಿಂಗಳಿಗೆ ನಾಲ್ಕೈದು ಪುಟ ಮಾತ್ರ, ಅದೂ ಒಬ್ಬರ ಮೊಬೈಲಿನಿಂದ ಎನ್ನುವವರಿಗೆ ಓಟಿಜಿ ಅಡಾಪ್ಟರ್ ಸಾಕು. ಮೊಬೈಲ್ ಅಂಗಡಿಯಲ್ಲಿ ನೂರಿನ್ನೂರು ರೂಪಾಯಿ. ಅದರ ಮೂಲಕ ಪ್ರಿಂಟರ್ ತಂತಿಯನ್ನು ಫೋನಿಗೇ ಚುಚ್ಚಿ, ನೋಕೋಪ್ರಿಂಟ್‌ನಂಥ ಆ್ಯಪ್‌ನಿಂದ ಮುದ್ರಿಸಬಹುದು. ನಿಮ್ಮ ಪ್ರಿಂಟರ್ ಅದಕ್ಕೆ ಗೊತ್ತೇ ಎಂದು ಉಚಿತ ಆವೃತ್ತಿಯಲ್ಲೇ ಪರೀಕ್ಷಿಸಿ, ಒಪ್ಪಿದರೆ ಮಾತ್ರ ಹಣ ಕೊಡಿ. ಫೋನನ್ನು ಪ್ರಿಂಟರ್ ಬಳಿಗೆ ಒಯ್ಯಬೇಕು, ಅಷ್ಟೇ ಕಷ್ಟ. ರೂಟರ್ ಕೆಟ್ಟಿದ್ದರೂ ಇದು ನಡೆಯುತ್ತದೆ ಎಂಬುದು ಸಣ್ಣ ಮಾತಲ್ಲ.

ಹೊಸದು ಕೊಳ್ಳುವುದಾದರೆ

ಹಳೆಯದರಲ್ಲಿ ಕಾಗದ ಎಳೆಯುವ ರೋಲರ್ ಸವೆದು, ಫ್ಯೂಸರ್ (ಟೋನರನ್ನು ಬಿಸಿಯಿಂದ ಕಾಗದಕ್ಕೆ ಅಂಟಿಸುವ ಭಾಗ) ಫಿಲ್ಮ್ ಹರಿದು, ರಿಪೇರಿಯೇ ಎರಡು ಸಾವಿರ ದಾಟುತ್ತದೆ ಎಂದಾದರೆ ಅದಕ್ಕೆ ವೈಫೈ ಸಂಸ್ಕಾರ ಬೇಡ. ವೈಫೈ ಇರುವ ಲೇಸರ್ ಅಥವಾ ಇಂಕ್ ಟ್ಯಾಂಕ್ ಹತ್ತು ಹನ್ನೆರಡು ಸಾವಿರದಿಂದ ಮೇಲಕ್ಕೆ ಸಿಗುತ್ತವೆ. ಮಕ್ಕಳ ಬಣ್ಣದ ಪ್ರಾಜೆಕ್ಟ್ ವಾರವಾರವೂ ಇದ್ದರೆ ಇಂಕ್ ಟ್ಯಾಂಕ್. ವಾರಗಟ್ಟಲೆ ಮುಟ್ಟದೆ ಇಡುವ ಮನೆಗೆ ಲೇಸರ್; ಶಾಯಿ ಮೂತಿಯಲ್ಲಿ ಒಣಗುವ ರಗಳೆ ಟೋನರ್‌ಗೆ ಇಲ್ಲ. ಕಾಗದ ಆಗಾಗ ಸಿಕ್ಕಿಕೊಳ್ಳುತ್ತದೆ ಎಂಬ ಒಂದೇ ಕಾರಣಕ್ಕೆ ಹೊಸದು ಕೊಳ್ಳಹೊರಟವರು ಆಷಾಢ ಕಳೆಯುವವರೆಗೆ ಕಾಯಿರಿ. ಮಲೆನಾಡಿನ ಮಳೆಯಲ್ಲಿ ಬಿಚ್ಚಿಟ್ಟ ಕಾಗದ ತೇವ ಹೀರಿ ಸುರುಳಿಯಾಗುತ್ತದೆ. ಟ್ರೇಯಲ್ಲಿ ಬಿಡದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು ಬೇಕಾದಷ್ಟನ್ನೇ ಹಾಕಿದರೆ ಹಳೆಯದೇ ಸರಿಯಾಗಿ ಎಳೆಯಬಹುದು.

ಯಾವುದನ್ನು ಆರಿಸಿದರೂ ಮಾಡಬೇಕಾದದ್ದು

‘ನಿನ್ನೆ ಸರಿಯಿತ್ತು, ಇವತ್ತು ಪ್ರಿಂಟರ್ ಸಿಗುತ್ತಿಲ್ಲ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಐಪಿ ವಿಳಾಸ, ಅಂದರೆ ಮನೆಯ ನೆಟ್‌ವರ್ಕ್‌ನಲ್ಲಿ ಪ್ರತಿ ಯಂತ್ರಕ್ಕೂ ರೂಟರ್ ಕೊಡುವ ಸಂಖ್ಯೆ. ಕರೆಂಟ್ ಬಂದಾಗ ರೂಟರ್ ಎಲ್ಲರಿಗೂ ಹೊಸದಾಗಿ ವಿಳಾಸ ಹಂಚುತ್ತದೆ. ಪ್ರಿಂಟರ್‌ನ ಹಳೆಯ ವಿಳಾಸ ಟಿವಿಗೆ ಹೋಗಿರುತ್ತದೆ. ರೂಟರ್ ಸೆಟ್ಟಿಂಗ್‌ನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ‘ಅಡ್ರೆಸ್ ರಿಸರ್ವೇಶನ್’ ಹುಡುಕಿ, ಪ್ರಿಂಟರ್‌ಗೆ (ಅಥವಾ ಪೆಟ್ಟಿಗೆಗೆ, ಪೈಗೆ) ಒಂದನ್ನು ಕಾಯಂ ಮಾಡಿ. ಮನೆಯಲ್ಲಿ ಫೈಬರ್ ಪೆಟ್ಟಿಗೆಯ ವೈಫೈ ಒಂದು, ನೀವು ಕೊಂಡ ರೂಟರ್‌ನದು ಇನ್ನೊಂದು ಇದ್ದರೆ ಪ್ರಿಂಟರ್ ಮತ್ತು ಫೋನ್ ಎರಡೂ ಒಂದೇ ವೈಫೈನಲ್ಲಿ ಇರಬೇಕು. ಅತಿಥಿಗಳಿಗೆಂದು ಇಟ್ಟ ಗೆಸ್ಟ್ ವೈಫೈನಿಂದ ಪ್ರಿಂಟರ್ ಕಾಣುವುದಿಲ್ಲ.

ರೂಟರ್, ಪೈ, ಪ್ರಿಂಟ್ ಸರ್ವರ್ ಪೆಟ್ಟಿಗೆಗಳನ್ನು ಇನ್ವರ್ಟರ್ ಲೈನಿಗೆ ಧಾರಾಳವಾಗಿ ಹಾಕಿ. ಲೇಸರ್ ಪ್ರಿಂಟರನ್ನು ಮಾತ್ರ ಹಾಕಬೇಡಿ. ಫ್ಯೂಸರ್ ಕಾಯುವಾಗ ಒಮ್ಮೆಲೇ ಹಲವು ನೂರು ವ್ಯಾಟ್ ಎಳೆಯುತ್ತದೆ, ಸಣ್ಣ ಇನ್ವರ್ಟರ್ ಅಲ್ಲೇ ಕೂಗಿಕೊಳ್ಳುತ್ತದೆ. ಎಲೆಕ್ಟ್ರಿಷಿಯನ್ ಬಂದಾಗ ಅದಕ್ಕೆ ನೇರ ಲೈನಿನ ಪ್ಲಗ್ ಬೇರೆಯಾಗಿ ಕೇಳಿ ಹಾಕಿಸಿಕೊಳ್ಳಿ.